ವಾರ್ಡ್ ಯಾರಿಗೆ ಒಪ್ಪಿಸಿ ಊಟಕ್ಕೆ ಹೋಗಬೇಕು?

'ವಾರ್ಡ್ ಶಾಂತವಾಗಿರುವಾಗ ನರ್ಸ್‌ಗಳು ಊಟ ಮುಗಿಸಿಕೊಳ್ಳಬಹುದು' ಅಂತ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ನಾನೂ ನರ್ಸ್. 12 ಗಂಟೆಯ ನೈಟ್ ಡ್ಯೂಟಿಯಲ್ಲಿ ವಾರ್ಡ್ ಎಷ್ಟೇ ಶಾಂತವಾಗಿದ್ದರೂ ಕಿವಿ ಮಾನಿಟರ್ ಕಡೆಗೇ ಇರುತ್ತದೆ. ಡಬ್ಬಿ ತೆರೆದು ಎರಡು ತುತ್ತು ತಿನ್ನುವಷ್ಟರಲ್ಲಿ ಯಾರದ್ದೋ ಡ್ರಿಪ್ ಮುಗಿದಿರುತ್ತದೆ. ಕರೆದ ಕೂಡಲೇ ಎದ್ದು ಓಡಬೇಕು ಅಂದರೆ ಅದೂ ಡ್ಯೂಟಿಯೇ ಅಲ್ವಾ? ಆ ಅರ್ಧ ಗಂಟೆಯನ್ನು ಬಿಡುವು ಅಂತ ಬರೆದುಕೊಂಡು ಸಂಬಳದಲ್ಲಿ ಹಿಡಿಯುವುದಂತೂ ತೀರಾ ಅನ್ಯಾಯ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1977ರಲ್ಲೇ ನರ್ಸ್‌ಗಳಿಗಾಗಿ ಶಿಫಾರಸು ಮಾಡಿದೆ. ಊಟದ ಬಿಡುವೂ ಬೇಕು, ವಿಶ್ರಾಂತಿಯ ಬಿಡುವೂ ಬೇಕು, ವಿಶ್ರಾಂತಿಯನ್ನು ಕೆಲಸದ ಅವಧಿಯೊಳಗೇ ಸೇರಿಸಬೇಕು ಅಂತ ಅದರಲ್ಲಿದೆ. ಆದರೆ ಶಿಫಾರಸನ್ನು ಪಾಲಿಸಲೇಬೇಕು ಅಂತ ಯಾವ ದೇಶಕ್ಕೂ ಕಟ್ಟುಪಾಡಿಲ್ಲ.

ಬೆಳಗಿನ ಜಾವ ಇಂಜೆಕ್ಷನ್ ಡೋಸ್ ಲೆಕ್ಕ ಹಾಕುವವರು ಹಸಿದು, ನಿದ್ದೆಗಣ್ಣಲ್ಲಿ ಇದ್ದರೆ ಅಪಾಯ ರೋಗಿಗೇ ಜಾಸ್ತಿ. 'ಬಿಡುವು ತೆಗೆದುಕೊಳ್ಳಿ' ಅಂತ ಸುಮ್ನೆ ನೋಟಿಸ್ ಅಂಟಿಸಿದರೆ ಏನೂ ಆಗುವುದಿಲ್ಲ. ನಾನು ಊಟಕ್ಕೆ ಹೋದಾಗ ನನ್ನ ರೋಗಿಗಳನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದು ಡ್ಯೂಟಿ ಪಟ್ಟಿಯಲ್ಲೇ ಹೆಸರು ಸಮೇತ ಇರಬೇಕು.