ಮೀನು ಗ್ಯಾರಂಟಿ ಅನ್ನುವ ದೋಣಿಗೆ ಅಡ್ವಾನ್ಸ್ ಕೊಡಬೇಡಿ

ದೀಪಾವಳಿ ಮುಗಿದರೆ ಸಾಕು, ನಮ್ಮ ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಪೋಸ್ಟರ್ ಓಡಾಡಲು ಶುರುವಾಗುತ್ತದೆ. ನೀಲಿ ಸಮುದ್ರ, ಕರಿ ಕನ್ನಡಕದ ಒಬ್ಬ ಮನುಷ್ಯ, ಅವನ ಎರಡೂ ತೋಳು ತುಂಬ ಹಳದಿ ರೆಕ್ಕೆಯ ಟೂನಾ. ಕೆಳಗೆ ದಪ್ಪ ಅಕ್ಷರದಲ್ಲಿ ‘ಡೀಪ್ ಸೀ ಟೂನಾ ಫಿಶಿಂಗ್, ಅರ್ಧ ದಿನ, ಗೈಡ್ ಮತ್ತು ಊಟ ಸಮೇತ, ಮೀನು ಗ್ಯಾರಂಟಿ’. ನನಗೆ ಗಾಳದ ಹುಚ್ಚು ಅಂತ ಊರಿಗೆಲ್ಲ ಗೊತ್ತಿರುವುದರಿಂದ ಕಂಡವರೆಲ್ಲ ಅದನ್ನು ನನಗೇ ಕಳಿಸುತ್ತಾರೆ. ‘ಅಣ್ಣಾ, ಹೋಗೋಣೇನು? ನೀ ಹ್ಞೂಂ ಅಂದ್ರ ಬುಕ್ ಮಾಡ್ತೀನಿ.’

ಎಲ್ಲರಿಗೂ ಬೇರೆ ಬೇರೆ ಹೇಳಿ ಸಾಕಾಗಿದೆ. ಇಲ್ಲೇ ಬರೆದುಬಿಡುತ್ತೇನೆ. ಮೀನು ಗ್ಯಾರಂಟಿ ಅನ್ನುವವರಿಗೆ ಒಂದು ರೂಪಾಯಿ ಅಡ್ವಾನ್ಸೂ ಕೊಡಬೇಡಿ. ‘ಆ ತಿಂಗಳು ಬರಬೇಡಿ, ಗಾಳಿ ಇರುತ್ತದೆ’ ಅಂತ ನಿಮ್ಮ ದುಡ್ಡು ಬೇಡ ಅನ್ನುವವನು ಸಿಕ್ಕರೆ ಅವನ ನಂಬರ್ ಜೋಪಾನವಾಗಿ ಇಟ್ಟುಕೊಳ್ಳಿ. ಸಮುದ್ರದಲ್ಲಿ ನಾವು ಕೊಳ್ಳುವುದು ಮೀನನ್ನಲ್ಲ. ದೋಣಿಯ ತಾಸುಗಳನ್ನು, ಡೀಸೆಲ್ಲನ್ನು, ದೋಣಿ ನಡೆಸುವವನ ತಲೆಯನ್ನು. ಮೀನು ಸಿಕ್ಕರೆ ಸಿಕ್ಕಿತು.

ಈಗ ಆ ‘ಅರ್ಧ ದಿನ’ದ ಲೆಕ್ಕ ನೋಡಿ. ಪೋಸ್ಟರಿನಲ್ಲಿರುವುದು ಯೆಲ್ಲೋಫಿನ್ ಟೂನಾ. ಅದು ಬಯಲು ಸಮುದ್ರದ ಮೀನು, ಆಳದ ನೀರು ಬೇಕು. ನಮ್ಮ ಕಾರವಾರ, ಮಲ್ಪೆ ಕಡೆ ಸಮುದ್ರದ ತಳ ಒಮ್ಮೆಲೇ ಇಳಿಯುವುದಿಲ್ಲ, ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ. ತಳ 200 ಮೀಟರ್ ದಾಟಿ ಕೆಳಗೆ ಬೀಳುವ ಅಂಚು ಸಿಗಬೇಕಾದರೆ ದಡದಿಂದ ಸುಮಾರು 80ರಿಂದ 100 ಕಿಲೋಮೀಟರ್ ಹೋಗಬೇಕು. ಸಾದಾ ದೋಣಿ ತಾಸಿಗೆ 10 ನಾಟಿಕಲ್ ಮೈಲಿ ಓಡಿತು ಅಂತಲೇ ಇಟ್ಟುಕೊಳ್ಳಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್. ಅಂದರೆ ತಾಸಿಗೆ ಹದಿನೆಂಟೂವರೆ ಕಿಲೋಮೀಟರ್. ಹೋಗುವುದಕ್ಕೇ ಐದು ತಾಸಿನ ಹತ್ತಿರ, ಬರುವುದಕ್ಕೆ ಮತ್ತೆ ಅಷ್ಟೇ. ಅರ್ಧ ದಿನದ ಟ್ರಿಪ್‌ನಲ್ಲಿ ಗಾಳ ನೀರಿಗೆ ಬೀಳುವುದು ಯಾವಾಗ? ಊಟ ಬಡಿಸುವುದು ಯಾವಾಗ?

ಹಾಗಂತ ಇಲ್ಲಿ ಟೂನಾನೇ ಇಲ್ಲ ಅಂತಲ್ಲ. ಕರಾವಳಿಯಲ್ಲಿ ಕೇದರ ಅಂತ ಮಾರುತ್ತಾರಲ್ಲ, ಬೆನ್ನ ಮೇಲೆ ಓರೆ ಗೆರೆ, ಎದೆ ಹತ್ತಿರ ನಾಲ್ಕೈದು ಕಪ್ಪು ಚುಕ್ಕೆ, ಅದೂ ಟೂನಾ ಜಾತಿಯದ್ದೇ. ಅದು ದಡದ ಹತ್ತಿರಕ್ಕೂ ಬರುತ್ತದೆ. ನಮ್ಮ ಗಣೇಶಪೇಟೆ ಮಾರ್ಕೆಟ್ಟಿಗೆ ಬಂದರೂ ಸುರಮೈ, ಬಂಗಡೆ ಮುಂದೆ ಅದನ್ನು ಕೇಳುವವರು ಕಡಿಮೆ. ಗಾಳಕ್ಕೆ ಬಿದ್ದರೆ ಮಾತ್ರ ಒಳ್ಳೇ ಜಗ್ಗಾಟ ಕೊಡುತ್ತದೆ, ಮಜಾ ಇದೆ. ಹಾಗಾಗಿ ಪೋಸ್ಟರ್ ಹಾಕಿದವರು ಪೂರ್ತಿ ಸುಳ್ಳು ಹೇಳಿದರು ಅನ್ನುವ ಹಾಗೂ ಇಲ್ಲ. ಕೇದರದ ಟ್ರಿಪ್ ಮಾರುವಾಗ ಯೆಲ್ಲೋಫಿನ್ ಫೋಟೋ ಹಾಕುತ್ತಾರೆ, ನನ್ನ ತಕರಾರು ಅಷ್ಟೇ. ಮುರ್ಡೇಶ್ವರದ ಕಡೆ ಮಕ್ಕಳನ್ನು ಕರೆದುಕೊಂಡು ಹೋಗಿ ಎರಡು ತಾಸು ಕೈದಾರ ಬಿಟ್ಟುಕೊಂಡು ಕೂತು ಬರುವುದಾದರೆ ಆರಾಮಾಗಿ ಹೋಗಿ ಬನ್ನಿ. ಅದಕ್ಕೆ ಡೀಪ್ ಸೀ ಅನ್ನಬೇಡಿ, ಡೀಪ್ ಸೀ ರೇಟು ಕೊಡಬೇಡಿ.

ದೊಡ್ಡ ಟೂನಾನೇ ಬೇಕು ಅಂದರೆ ಆಳದ ನೀರು ದಡದ ಹತ್ತಿರವೇ ಇರುವ ಕಡೆ ಹೋಗಬೇಕು. ಲಕ್ಷದ್ವೀಪ, ಅಂಡಮಾನ್. ಲಕ್ಷದ್ವೀಪಕ್ಕೆ ಪರ್ಮಿಟ್ ಬೇಕು. ಅಲ್ಲಿಯ ಜನ, ಅದರಲ್ಲೂ ಮಿನಿಕಾಯ್‌ನವರು, ಜೀವಂತ ಸಣ್ಣ ಮೀನನ್ನು ಸಮುದ್ರಕ್ಕೆ ಎರಚಿ ಟೂನಾ ಹಿಂಡನ್ನು ದೋಣಿ ಹತ್ತಿರ ಕರೆಸಿ ಉದ್ದನೆಯ ಕೋಲಿನ ಗಾಳದಿಂದ ಒಂದೊಂದಾಗಿ ಎತ್ತಿ ಹಾಕುತ್ತಾರೆ. ಬಲೆ ಇಲ್ಲ, ಏನಿಲ್ಲ. ಅವರಿಗೆ ಸಿಗುವುದು ಹೆಚ್ಚಾಗಿ ಸ್ಕಿಪ್‌ಜಾಕ್ ಅನ್ನುವ ಸಣ್ಣ ಜಾತಿಯ ಟೂನಾ. ಅದನ್ನೇ ಬೇಯಿಸಿ, ಹೊಗೆ ಹಾಕಿ, ಒಣಗಿಸಿ ಮಾಸ್ ಮಾಡುತ್ತಾರೆ. ರಾಡ್ ಹಿಡಿದು ಆಡುವ ನಮ್ಮಂಥವರಿಗೆ ಅಂಡಮಾನೇ ಸಲೀಸು. ಪೋರ್ಟ್ ಬ್ಲೇರ್, ಅಂದರೆ 2024ರಿಂದ ಶ್ರೀ ವಿಜಯಪುರಂ, ಅಲ್ಲಿಂದ ಗೈಡ್ ಸಮೇತ ದೋಣಿಗಳು ಹೊರಡುತ್ತವೆ. ಹುಬ್ಬಳ್ಳಿಯಿಂದ ಬೆಂಗಳೂರು ಇಲ್ಲ ಚೆನ್ನೈ ಮೇಲೆ ಹೋಗಬೇಕು. ಶ್ರೀ ವಿಜಯಪುರಂನಿಂದ ಸುಮಾರು 140 ಕಿಲೋಮೀಟರ್ ದೂರದ ಬ್ಯಾರನ್ ದ್ವೀಪದ ಸುತ್ತ ಮೀನು ಹಿಡಿಯಬೇಕೆಂದರೆ ದೋಣಿಯಲ್ಲೇ ರಾತ್ರಿ ಕಳೆಯುವ ಟ್ರಿಪ್ ನೋಡಬೇಕು. ಭಾರತದಲ್ಲಿ ಈಗಲೂ ಹೊಗೆಯಾಡುವ ಜ್ವಾಲಾಮುಖಿ ಇರುವುದು ಅದೊಂದೇ ಕಡೆ. ಮೀನು ಬೀಳದಿದ್ದರೂ ಅದನ್ನಾದರೂ ನೋಡಿದ ಹಾಗಾಯಿತು. ಇದೆಲ್ಲ ದುಬಾರಿ ಬಾಬತ್ತು, ಮುಚ್ಚಿಟ್ಟು ಪ್ರಯೋಜನವಿಲ್ಲ. ದಿನದ ಬಾಡಿಗೆ ಹತ್ತಾರು ಸಾವಿರ. ನಾಲ್ಕು ಜನ ಹಂಚಿಕೊಂಡರೂ ಜೇಬು ಹಗುರಾಗುತ್ತದೆ. ಅದಕ್ಕೇ ಹೇಳುವುದು, ಕೇಳಿ ಕೊಡಿ.

ಕೇಳುವುದು ಅಂದರೆ ಏನು ಕೇಳುವುದು? ಹೋದ ವರ್ಷ ಗೆಳೆಯನೊಬ್ಬನ ಒತ್ತಾಯಕ್ಕೆ ಅಂಥದೇ ಒಂದು ಪೋಸ್ಟರಿನ ನಂಬರಿಗೆ ಫೋನ್ ಹಚ್ಚಿದೆ.

‘ಎಷ್ಟು ದೂರ ಕರ್ಕೊಂಡು ಹೋಗ್ತೀರಿ?’
‘ಡೀಪ್ ಸೀಗೆ ಸರ್.’
‘ಡೀಪ್ ಅಂದ್ರ ಎಷ್ಟು ಮೀಟರ್ರೀ?’
‘ಅದೆಲ್ಲ ಗೈಡಿಗೆ ಗೊತ್ತು ಸರ್.’
‘ಹಂಗಾರ ಗೈಡ್ ನಂಬರ್ ಕೊಡ್ರಿ.’
‘ಬುಕಿಂಗ್ ಆದ ಮೇಲೆ ಕೊಡ್ತೀವಿ ಸರ್. ಇವತ್ತೇ ಪೂರ್ತಿ ಪೇಮೆಂಟ್ ಮಾಡಿದ್ರೆ ಟೀ ಶರ್ಟ್ ಫ್ರೀ ಇದೆ.’

ಟೀ ಶರ್ಟ್! ಫೋನ್ ಇಟ್ಟೆ.

ಮೊದಲನೇ ಪ್ರಶ್ನೆ ಅದೇ. ದೋಣಿ ನಡೆಸುವವನ ಜೊತೆ ನೇರ ಮಾತಾಡಬೇಕು. ನಮ್ಮ ಕರಾವಳಿಯಲ್ಲಿ ತಾಂಡೇಲ, ಅಂಡಮಾನಿನಲ್ಲಿ ಕ್ಯಾಪ್ಟನ್. ನಡುವೆ ಕೂತ ಏಜೆಂಟನಿಗೆ ಗಾಳಿ ಗೊತ್ತಿಲ್ಲ, ನೀರು ಗೊತ್ತಿಲ್ಲ, ಕಮಿಷನ್ ಗೊತ್ತು. ನಾವು ಅಂಡಮಾನಿಗೆ ಹೋಗಿದ್ದು ಒಬ್ಬ ಕ್ಯಾಪ್ಟನ್ ನಮಗೆ ‘ಬೇಡ’ ಅಂದಿದ್ದಕ್ಕೇ. ಡಿಸೆಂಬರ್ ಮೊದಲ ವಾರ ರಜೆ ಇದೆ, ಬರುತ್ತೇವೆ ಅಂದೆವು. ಆತ ತನ್ನ ಹಿಂದಿಯಲ್ಲಿ, ಆಗ ಬಂಗಾಳಕೊಲ್ಲಿಯಲ್ಲಿ ಚಂಡಮಾರುತದ ಕಾಟ ಪೂರ್ತಿ ಹೋಗಿರುವುದಿಲ್ಲ, ಗಾಳಿ ಎದ್ದರೆ ದಡದಲ್ಲೇ ಕೂರಬೇಕಾಗುತ್ತದೆ, ಫೆಬ್ರವರಿ ಮೇಲೆ ಬನ್ನಿ ಅಂದ. ಡಿಸೆಂಬರಿನಲ್ಲಿ ಅವನ ದೋಣಿ ಖಾಲಿ ಇತ್ತು, ಅದನ್ನೂ ಅವನೇ ಹೇಳಿದ. ಇಂಥವನಿಗೆ ದುಡ್ಡು ಕೊಡುವಾಗ ಕೈ ನಡುಗುವುದಿಲ್ಲ.

ಎರಡನೆಯದು ತಾಸಿನ ಲೆಕ್ಕ. ‘ಎಂಟು ತಾಸಿನ ಟ್ರಿಪ್’ ಅಂದರೆ ಜೆಟ್ಟಿಯಿಂದ ಜೆಟ್ಟಿಗೋ, ಗಾಳ ನೀರಲ್ಲಿರುವ ತಾಸೋ? ಅಂಡಮಾನಿನಲ್ಲಿ ನಮ್ಮದೇ ಗಡಿಯಾರ, ಆದರೆ ಸೂರ್ಯ ಬೇಗ ಹುಟ್ಟಿ ಬೇಗ ಮುಳುಗುತ್ತಾನೆ. ಚಳಿಗಾಲದಲ್ಲಿ ಸಂಜೆ ಐದೂವರೆ ಹೊತ್ತಿಗೆಲ್ಲ ಕತ್ತಲು. ಹೋಟೆಲಿನಲ್ಲಿ ತಿಂಡಿ ಮುಗಿಸಿ ಒಂಬತ್ತಕ್ಕೆ ಹೊರಡುತ್ತೇವೆ ಅನ್ನುವ ಟ್ರಿಪ್ ಇದ್ದರೆ ಅದು ಫೋಟೋ ಟ್ರಿಪ್ಪು.

ಮೂರನೆಯದರ ಬಗ್ಗೆ ಯಾರೂ ಕೇಳುವುದಿಲ್ಲ. ಹವಾಮಾನ ಕೆಟ್ಟರೆ ದುಡ್ಡು ಏನಾಗುತ್ತದೆ? ವಾಪಸ್ಸೋ, ಬೇರೆ ದಿನವೋ, ಗೋವಿಂದವೋ? ಬಾಯಿಮಾತು ಬೇಡ, ಮೆಸೇಜಿನಲ್ಲಿ ಬರೆಸಿಕೊಳ್ಳಿ. ಯಾಕೆಂದರೆ ದುಡ್ಡು ವಾಪಸ್ ಇಲ್ಲ ಅಂದಾಗ ನಾವೇ ‘ಏನಾಗಲ್ಲ, ನಡೀರಿ’ ಅಂತ ಜೋರು ಮಾಡುತ್ತೇವೆ. ಅಲೆ ದೊಡ್ಡದಿದ್ದರೂ ದೋಣಿ ಹೊರಡುತ್ತದೆ. ಸಮುದ್ರದ ಅಲೆ ಎಷ್ಟೆತ್ತರ ಅನ್ನುವ ಮುನ್ಸೂಚನೆಯನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಪುಕ್ಕಟೆ ಕೊಡುತ್ತದೆ. ಮೀನಿನ ಹಿಂಡು ಯಾವ ಕಡೆ ಇರಬಹುದು ಅಂತ ಮೀನುಗಾರರಿಗೆ ಸೂಚನೆ ಕೊಡುವುದೂ ಅವರೇ, ಉಪಗ್ರಹದಿಂದ ಸಮುದ್ರದ ಮೇಲ್ಮೈ ಬಿಸಿ ಮತ್ತು ನೀರಿನ ಹಸಿರು ನೋಡಿ. ಹೊರಡುವ ಎರಡು ದಿನ ಮೊದಲು ನೀವೂ ಒಮ್ಮೆ ನೋಡಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಅಂಡಮಾನಿನಲ್ಲಿ ಏಪ್ರಿಲ್ 15ರಿಂದ ಜೂನ್ 14. ಈ ದಿನಗಳಲ್ಲಿ ‘ಆಫರ್’ ಬಂದರೆ ಯಾಕೆ ಆಫರ್ ಅಂತ ಯೋಚನೆ ಮಾಡಿ. ದೋಣಿಯ ನೋಂದಣಿ, ಪರವಾನಗಿ, ಎಲ್ಲರಿಗೂ ಸಾಕಾಗುವಷ್ಟು ಲೈಫ್ ಜಾಕೆಟ್, ದಡದ ಜೊತೆ ಮಾತಾಡಲು ವಿಎಚ್‌ಎಫ್ ರೇಡಿಯೋ (ವೈರ್‌ಲೆಸ್) ಇದೆಯಾ ಕೇಳಿ. ಆಚೆ ಹೋದ ಮೇಲೆ ಮೊಬೈಲ್ ಬರೀ ಕ್ಯಾಮೆರಾ. ಕರಾವಳಿ ಕಾವಲು ಪಡೆಯ ನಂಬರ್ 1554, ಅದನ್ನು ಮನೆಯವರಿಗೂ ಕೊಟ್ಟು ಹೋಗಿ. ‘ಸೆಂಟಿನೆಲ್ ದ್ವೀಪ ಹತ್ತಿರದಿಂದ ತೋರಿಸ್ತೀನಿ’ ಅಂತ ಯಾವನಾದರೂ ಗೈಡ್ ಆಸೆ ಹಚ್ಚಿದರೆ ಫೋನ್ ಕಟ್ ಮಾಡಿ. ಅದು ಹೊರಗಿನವರನ್ನು ಹತ್ತಿರ ಸೇರಿಸದ ಬುಡಕಟ್ಟಿನವರ ಅಂಡಮಾನಿನ ದ್ವೀಪ, ಅದರ ಸುತ್ತ 5 ನಾಟಿಕಲ್ ಮೈಲಿ ಒಳಗೆ ಹೋಗುವುದು ಅಪರಾಧ.

ಇನ್ನು ಐಸ್. ನಗಬೇಡಿ. ಒಳ್ಳೇ ದೋಣಿ ಯಾವುದು ಅಂತ ನನಗೆ ಗೊತ್ತಾಗುವುದೇ ಐಸಿನಿಂದ.

ನಾವು ಹೋದಾಗ ಬೆಳಿಗ್ಗೆ ದೂರದಲ್ಲಿ ಹಕ್ಕಿಗಳು ನೀರಿಗೆ ಧುಮುಕುತ್ತಿದ್ದವು, ಅಂದರೆ ಕೆಳಗೆ ಮೀನಿನ ಹಿಂಡು ಇದೆ ಅಂತ. ಕ್ಯಾಪ್ಟನ್ ಹಿಂಡಿನ ಮೇಲೆ ದೋಣಿ ನುಗ್ಗಿಸಲಿಲ್ಲ. ದೂರದಿಂದಲೇ ಸುತ್ತು ಹಾಕಿ, ಗಾಳಿ ಬರುವ ಕಡೆ ನಿಲ್ಲಿಸಿ, ಇಂಜಿನ್ ಸಣ್ಣ ಮಾಡಿದ. ದೋಣಿ ತಾನಾಗೇ ತೇಲಿಕೊಂಡು ಹಿಂಡಿನ ಹತ್ತಿರ ಹೋಯಿತು. ನಮ್ಮ ಗೆಳೆಯ ಪಾಪರ್, ಅಂದರೆ ನೀರ ಮೇಲೆ ಸಪ್ಪಳ ಮಾಡುವ ಹುಸಿ ಮೀನಿನ ಗಾಳ, ಎಸೆದ. ಎರಡನೇ ಜಗ್ಗಿಗೆ ನೀರು ಒಡೆಯಿತು. ರೀಲು ಕಿರಿಚಿಕೊಂಡು ದಾರ ಹೋಗುತ್ತಲೇ ಇತ್ತು. ಆತ ಧಾರವಾಡದಲ್ಲಿ ದಿನಾ ಜಿಮ್ಮಿಗೆ ಹೋಗುವವನು. ಸೊಂಟದ ಬೆಲ್ಟಿಗೆ ರಾಡ್ ಊರಿಕೊಂಡು ನಿಂತರೂ ಮೊಣಕಾಲು ನಡುಗುತ್ತಿತ್ತು. ಕೊನೆಗೆ ಮೀನು ದೋಣಿಯ ಕೆಳಗೆ ದುಂಡಗೆ ಸುತ್ತಲು ಶುರು ಮಾಡಿತು. ಒಂದೊಂದು ಸುತ್ತಿಗೂ ಸ್ವಲ್ಪ ಮೇಲೆ. ಟೂನಾ ಸೋತಾಗ ಹಾಗೇ ಮಾಡುತ್ತದಂತೆ.

ಮೇಲೆ ತಂದಾಗ ನಾನು ಮೈ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಬೇರೆ ಮೀನಿನ ಹಾಗೆ ತಣ್ಣಗಲ್ಲ. ಟೂನಾ ತನ್ನ ಸ್ನಾಯುಗಳನ್ನು ಸುತ್ತಲಿನ ನೀರಿಗಿಂತ ಬಿಸಿಯಾಗಿ ಇಟ್ಟುಕೊಳ್ಳುತ್ತದೆ, ಜಗ್ಗಾಡಿದಷ್ಟೂ ಬಿಸಿ ಏರುತ್ತದೆ. ಫೋಟೋ ತೆಗೆಯೋಣ ಅಂತ ನಾವು ಮೊಬೈಲ್ ಹುಡುಕುವಷ್ಟರಲ್ಲಿ ಖಲಾಸಿ ಹುಡುಗ ಎದೆ ರೆಕ್ಕೆಯಿಂದ ಎರಡು ಬೆರಳು ಹಿಂದೆ ಚಾಕು ಇಟ್ಟು ಒಂದು ಗೀರು ಹಾಕಿದ. ಆ ಕಡೆಗೂ ಒಂದು. ರಕ್ತ ಬಸಿಯಿತು. ಕಿವಿರು, ಕರುಳು ತೆಗೆದು, ಸಮುದ್ರದ ನೀರಿಗೆ ಐಸ್ ಕಲಸಿಟ್ಟ ಪೆಟ್ಟಿಗೆಯಲ್ಲಿ ಮುಳುಗಿಸಿದ. ‘ಫೋಟೋ ಆಮೇಲೆ ಸಾಬ್’ ಅಂದ.

ಅವನು ಮಾಡಿದ್ದೇ ಸರಿ. ಟೂನಾ ಬಿಸಿಲಲ್ಲಿ ಬಿದ್ದಿದ್ದರೆ ಅದರ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ತಿಂದವರಿಗೆ ಮುಖ ಕೆಂಪಾಗಿ, ತಲೆ ಸಿಡಿದು, ಮೈಯೆಲ್ಲ ತುರಿಕೆ ಎದ್ದು ಆಸ್ಪತ್ರೆ ಸೇರುವ ಹಾಗಾಗುತ್ತದೆ. ಎಷ್ಟು ಖಾರ ಹಾಕಿ ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ವಾಸನೆಯಿಂದ ಗೊತ್ತಾಗಲೇಬೇಕು ಅಂತಲೂ ಇಲ್ಲ. ಅದಕ್ಕೇ ಬುಕ್ ಮಾಡುವಾಗ ಕೇಳಿ, ಐಸ್ ಎಷ್ಟು ಒಯ್ಯುತ್ತೀರಿ? ಮೀನಿನ ತೂಕದಷ್ಟಾದರೂ ಐಸ್ ಬೇಕು. ‘ಕೋಲ್ಡ್ ಡ್ರಿಂಕ್ಸಿಗೆ ಐಸ್ ಬಾಕ್ಸ್ ಇದೆ ಸರ್’ ಅಂದರೆ ಗೊತ್ತಾಯಿತಲ್ಲ.

ಹಿಡಿದ ಮೀನು ಯಾರದ್ದು ಅಂತಲೂ ಮೊದಲೇ ಕೇಳಬೇಕು. ಕೆಲವರು ಊಟಕ್ಕೆ ಒಂದು ಇಟ್ಟುಕೊಂಡು ಉಳಿದದ್ದನ್ನು ಬಿಡಿಸುತ್ತಾರೆ. ನನಗೆ ಅದೇ ಸರಿ ಅನಿಸುತ್ತದೆ. ಹಿಂದೂ ಮಹಾಸಾಗರದ ಯೆಲ್ಲೋಫಿನ್ ಮಿತಿಮೀರಿ ಹಿಡಿದು ಸೊರಗಿದೆ ಅಂತ ಈ ಸಾಗರದ ಟೂನಾ ಆಯೋಗ 2015ರಲ್ಲಿ ಎಚ್ಚರಿಸಿತ್ತು, 2024ರ ಲೆಕ್ಕದಲ್ಲಷ್ಟೇ ಆ ಸ್ಥಿತಿಯಿಂದ ಹೊರಬಂದಿದೆ ಅಂದಿತು. ದೊಡ್ಡ ಬಲೆ ಹಾಕುವ ಹಡಗುಗಳ ಮುಂದೆ ನಮ್ಮ ಒಂದು ಗಾಳ ಯಾವ ಲೆಕ್ಕ ಅನ್ನುತ್ತೀರಿ, ಅದೂ ನಿಜ. ಆದರೂ ತಿನ್ನಲಾಗದಷ್ಟು ಮೀನು ಕೊಂದು ಜೆಟ್ಟಿ ಮೇಲೆ ಸಾಲಾಗಿ ಮಲಗಿಸಿ ಫೋಟೋ ಹಾಕುವುದು ನನಗೆ ಒಗ್ಗುವುದಿಲ್ಲ. ಬಿಡುವುದಾದರೆ ಬೇಗ ಬಿಡಬೇಕು. ಟೂನಾ ಈಜುತ್ತಿದ್ದರೆ ಮಾತ್ರ ಉಸಿರಾಡುತ್ತದೆ. ಸಣ್ಣ ರಾಡಿನಲ್ಲಿ ಗಂಟೆಗಟ್ಟಲೆ ಆಡಿಸಿ ‘ಬಿಟ್ಟುಬಿಟ್ಟೆ ನೋಡ್ರಿ’ ಅಂದರೆ ಅದು ಹೋಗಿ ಸಾಯುತ್ತದೆ. ದಪ್ಪ ದಾರ, ಗಟ್ಟಿ ರೀಲು, ಹಿಂಮುಳ್ಳಿಲ್ಲದ ಒಂಟಿ ಗಾಳ ಇರುವ ಸಾಮಾನು ಕೊಡುತ್ತಾರಾ ಕೇಳಿ. ಸಾಮಾನು ಮುರಿದರೆ ಯಾರ ಖರ್ಚು ಅನ್ನುವುದನ್ನೂ.

ವಾಂತಿ ವಿಷಯ ಬೇಗ ಮುಗಿಸುತ್ತೇನೆ. ಅರಬೈಲ್ ಘಾಟಿನಲ್ಲಿ ಬಸ್ಸಿನ ಕಿಟಕಿ ಹುಡುಕುವವರು ಡಾಕ್ಟರನ್ನು ಕೇಳಿ ಗುಳಿಗೆ ತಗೊಂಡೇ ದೋಣಿ ಹತ್ತಿ. ಹೊಟ್ಟೆಯಲ್ಲಿ ಅಲೆ ಎದ್ದ ಮೇಲೆ ನುಂಗಿದರೆ ಗುಳಿಗೆಯೂ ಹೊರಗೇ ಬರುತ್ತದೆ. ಹಿಂದಿನ ರಾತ್ರಿ ಗುಂಡು ಬೇಡ, ಎಣ್ಣೆ ತಿಂಡಿ ಬೇಡ. ಮೊಬೈಲ್ ನೋಡದೆ ದೂರದ ಗೆರೆ ನೋಡಿಕೊಂಡು ನಿಲ್ಲಿ. ದೋಣಿಯಲ್ಲಿ ಪಾರ್ಟಿ ಮಾಡೋಣ ಅನ್ನುವ ಗೆಳೆಯನನ್ನು ದಯವಿಟ್ಟು ಗೋವಾಕ್ಕೆ ಕಳಿಸಿ, ಅವನಿಗೂ ಒಳ್ಳೆಯದು, ನಿಮಗೂ.

ನಾವು ಫೆಬ್ರವರಿಗೆ ಮತ್ತೆ ಹೋಗುವ ಮಾತು ನಡೆದಿದೆ. ಅದೇ ಕ್ಯಾಪ್ಟನ್, ಅದೇ ದೋಣಿ. ಒಂದು ಸೀಟು ಖಾಲಿ ಇದೆ. ಬರುವವರು ಮೆಸೇಜ್ ಮಾಡಿ. ಬೆಳಗಿನ ನಾಲ್ಕಕ್ಕೆ ಎಬ್ಬಿಸಿದರೆ ಬೈಯದವರಾಗಿರಬೇಕು. ಮತ್ತೆ, ಒಂದೂ ಮೀನು ಬೀಳದಿದ್ದರೂ ಪಾಲಿನ ದುಡ್ಡು ಪೂರ್ತಿ ಕೊಡಬೇಕು, ಅದರಲ್ಲಿ ಖಲಾಸಿ ಹುಡುಗನ ಭಕ್ಷೀಸೂ ಸೇರಿದೆ.