ಸತ್ಯಾಂಶ: ಕಾಲಿನ ನ್ಯೂಕ್ಲಿಯರ್ ಸ್ಕ್ಯಾನ್‌ನ ವಿಕಿರಣ ತಿಂಗಳುಗಟ್ಟಲೆ ಉಳಿಯುವುದಿಲ್ಲ

ಕಾಲಿನ ರಕ್ತನಾಳ ಕಿರಿದಾದವರಿಗೆ ಮಾಡುವ ನ್ಯೂಕ್ಲಿಯರ್ ಸ್ಕ್ಯಾನ್‌ನ ವಿಕಿರಣ ತಿಂಗಳುಗಟ್ಟಲೆ ಮೈಯಲ್ಲಿರುತ್ತದೆ, ಮೊಮ್ಮಕ್ಕಳನ್ನು ಹತ್ತಿರ ಸೇರಿಸಬಾರದು ಎಂಬ ಸಂದೇಶ ಬೆಂಗಳೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

ಈ ಸ್ಕ್ಯಾನ್‌ನಲ್ಲಿ ಕೈಯ ರಕ್ತನಾಳಕ್ಕೆ ಚುಚ್ಚಿದ, ವಿಕಿರಣ ಸೂಸುವ ಔಷಧ ರಕ್ತದೊಡನೆ ಮೀನಖಂಡದ ಸ್ನಾಯುಗಳನ್ನು ಸೇರುತ್ತದೆ. ಎಲ್ಲಿ ಕಡಿಮೆ ಸೇರಿದೆ ಎಂಬುದನ್ನು ಆ ವಿಕಿರಣವನ್ನು ಗುರುತಿಸುವ ಗ್ಯಾಮಾ ಕ್ಯಾಮೆರಾ ತೋರಿಸುತ್ತದೆ. ಸಾಮಾನ್ಯವಾಗಿ ಅದರಲ್ಲಿರುವ ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ವಸ್ತುವಿನ ಅರ್ಧಾಯುಷ್ಯ (ವಿಕಿರಣ ಅರ್ಧಕ್ಕಿಳಿಯುವ ಅವಧಿ) ಸುಮಾರು 6 ಗಂಟೆಯಾದ್ದರಿಂದ, ಮಲಮೂತ್ರಗಳಲ್ಲಿ ಹೊರಹೋಗುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, 24 ಗಂಟೆಗಳಲ್ಲಿ ಅದರ ವಿಕಿರಣ ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮಾತ್ರ ವೈದ್ಯರಿಗೆ ಮೊದಲೇ ತಿಳಿಸಲೇಬೇಕು.

ಹಾಗೆಂದು ಈ ಸ್ಕ್ಯಾನ್ ಎಲ್ಲರಿಗೂ ಬೇಕಿಲ್ಲ. ನಡೆದಾಗ ಮೀನಖಂಡ ಹಿಡಿದುಕೊಂಡು, ನಿಂತರೆ ನೋವು ಇಳಿಯುವವರಿಗೆ ಮೊದಲು ಕಣಕಾಲು ಮತ್ತು ತೋಳಿನ ರಕ್ತದೊತ್ತಡಗಳನ್ನು ಹೋಲಿಸುತ್ತಾರೆ, ಕಣಕಾಲಿನ ಒತ್ತಡವನ್ನು ತೋಳಿನದರಿಂದ ಭಾಗಿಸಿದ ಅನುಪಾತ 0.90 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಾಲಿನ ರಕ್ತನಾಳ ಕಿರಿದಾಗಿರುವ ಸೂಚನೆ. ಮಧುಮೇಹಿಗಳ ರಕ್ತನಾಳ ಗಡುಸಾಗಿದ್ದರೆ ಈ ಅಳತೆ ದಾರಿ ತಪ್ಪಿಸಬಹುದು.