ಶಿಯಾನ್‌ನ ಗೈಡ್ ಹೇಳಿದ ಪುಲಿಕೇಶಿ

ಚೀನಾದ ಶಿಯಾನ್ ನಗರವನ್ನು ಒಂದೇ ದಿನದಲ್ಲಿ ತೋರಿಸಿ ಮುಗಿಸುವ ಪ್ರವಾಸದ ವ್ಯಾನು ಹತ್ತಿದಾಗ, ಅಲ್ಲಿ ಇಮ್ಮಡಿ ಪುಲಿಕೇಶಿಯ ಮಾತು ಬಂದೀತೆಂಬ ಕಲ್ಪನೆಯೂ ನನಗಿರಲಿಲ್ಲ. ಸಂಜೆ ಮಹಾ ಹೆಬ್ಬಾತು ಪಗೋಡದ ಎದುರು, ಹಿಂದೆ ಭಾರತಕ್ಕೆ ಬಂದಿದ್ದ ಯಾತ್ರಿಕ ಹ್ಯೂಯೆನ್ ತ್ಸಾಂಗನ ಎತ್ತರದ ಪ್ರತಿಮೆಯ ಬಳಿ ನಿಂತಿದ್ದಾಗ, ನಮ್ಮ ಗೈಡ್ ಆಗಿದ್ದ ಯುವತಿ ನಾನು ಭಾರತದ ಯಾವ ಕಡೆಯವನೆಂದು ವಿಚಾರಿಸಿದರು. ಬಾಗಲಕೋಟೆ ಎಂದರೆ ಅವರಿಗೆ ತಿಳಿಯಲಾರದೆಂದು ದಖ್ಖನಿನವನು ಎಂದೆ. ಅವರು ಸ್ವಲ್ಪ ಯೋಚಿಸಿ, "ಹಾಗಾದರೆ ಹರ್ಷನಿಗೆ ತಲೆಬಾಗದ ಆ ರಾಜನ ನಾಡಿನವರು" ಎಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಆ ರಾಜನ ಯೋಧರು ಯಾರಿಗೂ ಅಂಜುತ್ತಿರಲಿಲ್ಲ, ಯುದ್ಧಕ್ಕೆ ಹೊರಡುವ ಮುನ್ನ ಆನೆಗಳಿಗೆ ಮದ್ಯ ಕುಡಿಸುತ್ತಿದ್ದರು, ಸೋತು ಬಂದ ಸೇನಾಪತಿಗೆ ಶಿಕ್ಷೆ ವಿಧಿಸದೆ ಹೆಂಗಸರ ಉಡುಗೆಯನ್ನು ಕೊಡುತ್ತಿದ್ದರು ಎಂದು ಹ್ಯೂಯೆನ್ ತ್ಸಾಂಗ್ ಬರೆದಿರುವುದನ್ನೆಲ್ಲ, ದಿನವೂ ಹೇಳಿ ರೂಢಿಯಿದ್ದವರಂತೆ ಹೇಳಿದರು. ಆ ಬರಹದಲ್ಲಿ ರಾಜ್ಯದ ಹೆಸರು ಮಹಾರಾಷ್ಟ್ರ ಎಂದಿದೆ; ಅರಸ ಮಾತ್ರ ನಮ್ಮ ಬಾದಾಮಿಯ ಚಾಲುಕ್ಯನೇ. ನಮ್ಮೂರಿನಿಂದ ಬಾದಾಮಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೆಂದು ನಾನು ಹೇಳಿದಾಗ, ಗುಂಪಿನಲ್ಲಿದ್ದ ಅಪರಿಚಿತರೆಲ್ಲ ನನ್ನತ್ತ ತಿರುಗಿ ನೋಡಿದರು.

ಆ ಹೆಮ್ಮೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಶಾಂಘೈನಿಂದ ಪ್ರತಿ ಸಲ ರಜೆಯಲ್ಲಿ ಊರಿಗೆ ಹೋದಾಗಲೂ ಯಾರಾದರೊಬ್ಬ ನೆಂಟರನ್ನೋ ಸಹೋದ್ಯೋಗಿಯನ್ನೋ ಬಾದಾಮಿಗೆ ಕರೆದೊಯ್ಯುತ್ತೇನೆ, ಗೈಡ್‌ನನ್ನೂ ಗೊತ್ತು ಮಾಡುತ್ತೇನೆ. ಪುಲಿಕೇಶಿಯನ್ನು ಕುರಿತು ಚೀನಾದ ಯಾತ್ರಿಕನೊಬ್ಬ ಬರೆದಿದ್ದಾನೆಂಬ ಮಾತನ್ನು ಅವರಲ್ಲಿ ಒಬ್ಬರ ಬಾಯಿಂದಲೂ ನಾನು ಕೇಳಿಲ್ಲ. ಕೇಳಿದ್ದು ಬೇರೆ: ಯಾವ ಮೆಟ್ಟಿಲಿನ ಮೇಲೆ ಯಾವ ಸಿನಿಮಾದ ಹಾಡನ್ನು ಚಿತ್ರೀಕರಿಸಿದರು, ಯಾವ ಬಂಡೆ ಯಾವ ಪ್ರಾಣಿಯಂತೆ ಕಾಣುತ್ತದೆ, ಎಲ್ಲಿ ನಿಂತರೆ ಫೋಟೊ ಚೆನ್ನಾಗಿ ಬರುತ್ತದೆ. ನಮ್ಮ ಅರಸನ ಕಥೆಯನ್ನು ತಿಳಿದವರ ಬಾಯಿಂದ ಕೇಳಲು ನಾನು ಶಿಯಾನ್‌ವರೆಗೆ, ಅಂದರೆ ಹಳೆಯ ಚಾಂಗಾನ್‌ವರೆಗೆ ಹೋಗಬೇಕಾಯಿತು ಎಂಬುದು ಅಂದಿನಿಂದ ನನ್ನನ್ನು ಕಾಡುತ್ತಿದೆ. ಅದನ್ನು ಇಲ್ಲಿ ಹೇಳಿಕೊಳ್ಳಬೇಕೆನಿಸಿದೆ.

ಅಂದಿನ ಪ್ರವಾಸದಲ್ಲಿ ಬೇರೇನೂ ಅಸಾಮಾನ್ಯವಾಗಿರಲಿಲ್ಲ. ಬೆಳಿಗ್ಗೆ ಹೋಟೆಲಿನ ಬಾಗಿಲಿನಿಂದ ಕರೆದೊಯ್ದರು. ಟಿಕೆಟ್‌ಗಳನ್ನು ನಮ್ಮ ಪಾಸ್‌ಪೋರ್ಟ್‌ಗಳ ಮೇಲೆ ಮೊದಲೇ ಕಾದಿರಿಸಿದ್ದರು. ಗದ್ದಲದಲ್ಲಿಯೂ ಗೈಡ್‌ನ ಮಾತು ಕೇಳಿಸಲೆಂದು ಎಲ್ಲರ ಕಿವಿಗೂ ಒಂದೊಂದು ಸಣ್ಣ ಯಂತ್ರ ಕೊಟ್ಟರು. ಗೈಡ್‌ನ ಕೊರಳಲ್ಲಿ ಪರವಾನಗಿಯ ಕಾರ್ಡು ತೂಗುತ್ತಿತ್ತು. ಚೀನಾದಲ್ಲಿ ಗೈಡ್ ಆಗಬೇಕಾದರೆ ಸರ್ಕಾರ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.

ಮೊದಲು ಹೋದದ್ದು ನಗರದ ಪೂರ್ವಕ್ಕಿರುವ ಲಿಂಟಾಂಗ್‌ಗೆ, ಚಕ್ರವರ್ತಿ ಚಿನ್ ಶಿ ಹ್ವಾಂಗನ ಸಮಾಧಿಯ ಬಳಿ ಹೂತಿದ್ದ ಸುಟ್ಟಮಣ್ಣಿನ ಸೈನ್ಯವನ್ನು ನೋಡಲು. 1974ರ ಮಾರ್ಚ್‌ನಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಮಣ್ಣಿನ ತಲೆಯೊಂದು ಸಿಕ್ಕಿತೆಂಬ ಕಥೆಯನ್ನು ನಾವೆಲ್ಲ ಓದಿದ್ದೇವೆ. 230 ಮೀಟರ್ ಉದ್ದದ ಮೊದಲನೆಯ ಹೊಂಡದ ಅಂಚಿನಲ್ಲಿ ನಿಂತು, ಸಾಲುಸಾಲಾಗಿ ನಿಂತ ಯೋಧರನ್ನು ಕಂಡಾಗ ಎಲ್ಲರ ಬಾಯಿಂದಲೂ ಒಂದೇ ಉದ್ಗಾರ ಹೊರಟಿತು. ಗೈಡ್ ನಮ್ಮನ್ನು ಆ ಬೆರಗಿನಲ್ಲಿಯೇ ಬಿಟ್ಟುಬಿಡಬಹುದಿತ್ತು. ಆದರೆ ಅವರು ಮೊದಲು ಹೇಳಿದ ಮಾತೇ, ಇವರು ಯಾರೂ ಹೀಗೆ ನಿಂತ ಭಂಗಿಯಲ್ಲಿ ಸಿಗಲಿಲ್ಲ ಎಂಬುದು. ಮೇಲಿನ ತೊಲೆಗಳು ಸುಟ್ಟು ಕುಸಿದು ಬಿದ್ದಾಗ ಎಲ್ಲವೂ ಚೂರಾಗಿದ್ದವು, ಒಂದೊಂದು ಯೋಧನನ್ನು ಜೋಡಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದು ವಿವರಿಸಿ, ಹೊಂಡದ ಹಿಂಬದಿಗೆ ಕರೆದೊಯ್ದರು. ಅಲ್ಲಿ ತೋಳಿಲ್ಲದ, ತಲೆಯಿಲ್ಲದ ಮೈಗಳು ಪಟ್ಟಿ ಸುತ್ತಿಕೊಂಡು ನಿಂತಿದ್ದವು; ಪಕ್ಕದಲ್ಲಿ ಇನ್ನೂ ಮಣ್ಣಿನಿಂದ ಪೂರ್ತಿ ಹೊರಬಾರದ ಚೂರುಗಳ ರಾಶಿ. ಮುಂಭಾಗದ ಸಾಲುಗಳಿಗಿಂತ ನನಗೆ ಹೆಚ್ಚು ನೆನಪಿನಲ್ಲಿ ಉಳಿದಿರುವುದು ಆ ಹಿಂಭಾಗವೇ.

ಎರಡನೆಯ ಹೊಂಡದ ಕಟ್ಟಡದಲ್ಲಿ ಗಾಜಿನ ಪೆಟ್ಟಿಗೆಯೊಳಗೆ, ಮಂಡಿಯೂರಿ ಕುಳಿತ ಬಿಲ್ಲುಗಾರನೊಬ್ಬನಿದ್ದಾನೆ. ಕುಳಿತ ಭಂಗಿಯಲ್ಲಿದ್ದುದರಿಂದ ಚಾವಣಿ ಬಿದ್ದಾಗಲೂ ಒಡೆಯದೆ ಉಳಿದವನು. ಮುಖವನ್ನು ನೋಡಲು ಜನ ಮುಗಿಬಿದ್ದಿದ್ದರೆ, ಗೈಡ್ ನಮ್ಮನ್ನು ಹಿಂದಕ್ಕೆ ಕರೆದು ಅವನ ಬಲಪಾದದ ಅಡಿಯನ್ನು ನೋಡಿರೆಂದರು. ಎಕ್ಕಡದ ಅಟ್ಟೆಗೆ ಹಾಕಿದ ಹೊಲಿಗೆಯ ಒಂದೊಂದು ಚುಕ್ಕೆಯೂ ಮಣ್ಣಿನಲ್ಲಿ ಮೂಡಿತ್ತು. ತುದಿಗಾಲಿನ ಬಳಿ ಮತ್ತು ಹಿಮ್ಮಡಿಯ ಬಳಿ ದಟ್ಟವಾಗಿ, ನಡುವೆ ವಿರಳವಾಗಿ. ಬೆನ್ನಿನ ಕವಚದ ಮೇಲೆ ಕೆಂಪು ಬಣ್ಣದ ಅಲ್ಪಸ್ವಲ್ಪ ಉಳಿದಿತ್ತು. ಇವರೆಲ್ಲರಿಗೂ ಹೀಗೆಯೇ ಬಣ್ಣವಿತ್ತು, ಮಣ್ಣಿನಿಂದ ಹೊರಬಂದು ಗಾಳಿ ತಗುಲಿದ ಕೆಲವೇ ನಿಮಿಷಗಳಲ್ಲಿ ಅದರ ಅಡಿಯ ಅರಗಿನ ಲೇಪ ಒಣಗಿ ಮುರುಟಿ ಉದುರಿಹೋಗುತ್ತಿತ್ತು, ಅದನ್ನು ತಡೆಯುವ ವಿಧಾನವನ್ನು ಕಂಡುಕೊಳ್ಳಲು ವರ್ಷಗಳೇ ಬೇಕಾದವು ಎಂದು ಅವರು ಹೇಳುವಾಗ, ತಮ್ಮವರ ಕೈಯಿಂದ ಏನು ಕಳೆದುಹೋಯಿತೆಂಬುದನ್ನು ಮುಚ್ಚಿಡುವ ಯತ್ನವೇ ಅವರಲ್ಲಿರಲಿಲ್ಲ.

ಚಕ್ರವರ್ತಿ ಚಿನ್ ಶಿ ಹ್ವಾಂಗನ ಸಮಾಧಿಯ ದಿಬ್ಬದ ವಿಷಯ ಬಂದಾಗಲಂತೂ ಅವರ ಮಾತಿನ ಬಗೆಗೆ ನನಗೆ ಗೌರವ ಹುಟ್ಟಿತು. ಕ್ರಿ.ಪೂ. 221ರಲ್ಲಿ ದೇಶವನ್ನು ಒಂದುಗೂಡಿಸಿ, ಕ್ರಿ.ಪೂ. 210ರಲ್ಲಿ ತೀರಿಕೊಂಡ ಆ ಅರಸನ ಸಮಾಧಿಯನ್ನು ಪುರಾತತ್ತ್ವಜ್ಞರು ಇಂದಿಗೂ ತೆರೆದಿಲ್ಲ. ಒಳಗೆ ಪಾದರಸದ ನದಿಗಳು ಹರಿಯುತ್ತಿದ್ದವೆಂದು ಸುಮಾರು ಒಂದು ಶತಮಾನದ ನಂತರ ಸಿಮಾ ಚಿಯೆನ್ ಎಂಬ ಇತಿಹಾಸಕಾರ ಬರೆದ. ದಿಬ್ಬದ ಮಣ್ಣನ್ನು ಪರೀಕ್ಷಿಸಿದಾಗ ಪಾದರಸದ ಅಂಶ ಸಹಜಕ್ಕಿಂತ ಹೆಚ್ಚಾಗಿ ಕಂಡುಬಂದಿದೆ. ಗೈಡ್ ಈ ಎರಡನ್ನೂ ಬೇರೆಬೇರೆಯಾಗಿಯೇ ಹೇಳಿದರು: ಇದು ಬರೆದದ್ದು, ಇದು ಅಳೆದದ್ದು, ಒಳಗೆ ಏನಿದೆಯೆಂದು ಯಾರಿಗೂ ಗೊತ್ತಿಲ್ಲ. ಗುಂಪಿನ ಒಬ್ಬರು, ಹೋಗಲಿ, ನಿಮಗೆ ಏನೆನಿಸುತ್ತದೆ ಎಂದು ಒತ್ತಾಯಿಸಿದಾಗಲೂ ಅವರು ಕಥೆ ಕಟ್ಟಲಿಲ್ಲ.

"ಗೊತ್ತಿಲ್ಲ" ಎನ್ನುವ ಗೈಡ್ ನಮ್ಮಲ್ಲಿ ಯಾಕೆ ಅಪರೂಪ? ಊರಿಗೊಂದು ಸುರಂಗದ ಕಥೆಯನ್ನು ಕೇಳಿಕೊಂಡೇ ನಾವು ಬೆಳೆದಿದ್ದೇವೆ. ಕೋಟೆಯಿದ್ದಲ್ಲೆಲ್ಲ ಒಂದು ಸುರಂಗ, ಅದು ನೂರಾರು ಮೈಲಿ ದೂರದ ಇನ್ನೊಂದು ಕೋಟೆಗೆ ಹೋಗುತ್ತದೆ, ಒಳಗೆ ಹೋದ ದನಗಾಹಿ ಹುಡುಗ ಮರಳಿ ಬರಲಿಲ್ಲ. ಹಂಪಿಯಲ್ಲಿ ಒಬ್ಬರು ಗೈಡ್ ನಮ್ಮ ಕುಟುಂಬಕ್ಕೆ ವಿಜಯನಗರದ ಬೀದಿಯಲ್ಲಿ ರತ್ನಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರೆಂಬುದನ್ನು ಮೂರು ಕಡೆ ಮೂರು ಬಾರಿ ಹೇಳಿದರು. ಆ ಬೀದಿಯ ಸಾಲು ಮಂಟಪಗಳಲ್ಲಿ ಯಾವುದು ಅಂದಿನದು, ಯಾವುದನ್ನು ಇತ್ತೀಚೆಗೆ ಎತ್ತಿ ನಿಲ್ಲಿಸಿದ್ದು ಎಂದು ನನ್ನ ಹೆಂಡತಿ ಕೇಳಿದಾಗ, ಎಲ್ಲವೂ ಅಂದಿನದೇ ಎಂದು ಮುಂದೆ ನಡೆದರು. ಬೆಂಗಳೂರಿನಿಂದ ಹೊರಡುವ ಮೈಸೂರಿನ ಒಂದು ದಿನದ ಬಸ್ಸನ್ನು ಹತ್ತಿದವರಿಗೆ ಇದೆಲ್ಲ ಹೊಸದಲ್ಲ. ಶ್ರೀರಂಗಪಟ್ಟಣದಲ್ಲಿ ಇಪ್ಪತ್ತು ನಿಮಿಷ, ಬೆಟ್ಟ, ಅರಮನೆ, ರೇಷ್ಮೆ ಸೀರೆಯ ಅಂಗಡಿ, ದೀಪ ಹತ್ತುವ ಹೊತ್ತಿಗೆ ಕೆ.ಆರ್.ಎಸ್. ದಿನವಿಡೀ ಮೈಕಿನಲ್ಲಿ ಮಾತು ಕೇಳಿ ಮರಳಿದವರಿಗೆ ಟಿಪ್ಪು ಸತ್ತ ವರ್ಷವೂ ನೆನಪಿರುವುದಿಲ್ಲ.

ಶಿಯಾನ್‌ನ ಕೋಟೆಗೋಡೆಯ ಮೇಲೆ ನಿಂತಾಗಲೂ ಇದೇ ವ್ಯತ್ಯಾಸ ಕಣ್ಣಿಗೆ ಹೊಡೆಯಿತು. ಸುಮಾರು 14 ಕಿಲೋಮೀಟರ್ ಸುತ್ತಳತೆಯ ಆ ಗೋಡೆಯ ಮೇಲೆ ಜನ ಬಾಡಿಗೆಯ ಸೈಕಲ್ ತುಳಿಯುತ್ತಾರೆ, ಅಷ್ಟು ಅಗಲವಿದೆ. ಇದನ್ನು ಹ್ಯೂಯೆನ್ ತ್ಸಾಂಗ್ ಬದುಕಿದ್ದ ತಾಂಗ್ ಅರಸರ ಕಾಲದ ಚಾಂಗಾನ್ ನಗರದ ಗೋಡೆಯೆಂದು ಹೇಳಿದ್ದರೆ ಪ್ರಶ್ನಿಸುವವರು ಯಾರೂ ಇರಲಿಲ್ಲ. ಆದರೆ ಇದು 1370ರ ದಶಕದಲ್ಲಿ ಮಿಂಗ್ ಅರಸರು ಕಟ್ಟಿಸಿದ್ದು, ತಾಂಗ್ ಕಾಲದ ರಾಜಧಾನಿ ಇದಕ್ಕಿಂತ ಬಹಳ ದೊಡ್ಡದಾಗಿತ್ತು, ಆ ನಗರದೊಳಗಿದ್ದ ಪಗೋಡ ಇಂದು ಈ ಗೋಡೆಯ ಹೊರಗೆ ದೂರದಲ್ಲಿದೆ, ನೀವು ಕಾಲಿಟ್ಟಿರುವ ಇಟ್ಟಿಗೆಗಳಲ್ಲಿ ಅನೇಕವು 1983ರ ನಂತರದ ದುರಸ್ತಿಯಲ್ಲಿ ಹಾಕಿದವು ಎಂದು ಗೈಡ್ ಒಂದೇ ಉಸಿರಿಗೆ ಹೇಳಿದರು. ಹೊಸ ಇಟ್ಟಿಗೆಯೆಂದು ತಿಳಿದ ಮೇಲೆ ಗೋಡೆಯ ಮೇಲಿನ ಪ್ರೀತಿ ನನಗೆ ಕಡಿಮೆಯಾಗಲಿಲ್ಲ. ಪ್ರವಾಸಿಗರಿಗೆ ನಿಜ ಹೇಳಿದರೆ ಸಪ್ಪೆಯೆನಿಸುತ್ತದೆ, ಆದ್ದರಿಂದ ಸ್ವಲ್ಪ ಮಸಾಲೆ ಹಾಕುತ್ತೇವೆ ಎಂದು ನಮ್ಮ ಕಡೆಯ ಗೈಡ್ ಒಬ್ಬರು ನನ್ನೊಡನೆ ವಾದಿಸಿದ್ದರು. ಅವರನ್ನು ಈ ಗೋಡೆಯ ಮೇಲೆ ಕರೆತಂದು ನಿಲ್ಲಿಸಬೇಕೆನಿಸಿತು.

ನಮ್ಮಲ್ಲಿ ಹೇಳಲು ಸಂಗತಿಗಳಿಗೆ ಬರವಿದ್ದಿದ್ದರೆ ನಾನು ಇಷ್ಟು ನೊಂದುಕೊಳ್ಳುತ್ತಿರಲಿಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಮಂಗಳೇಶನ ಶಾಸನವಿದೆ. ಪುಲಿಕೇಶಿ ನರ್ಮದೆಯ ದಡದಲ್ಲಿ ಹರ್ಷನನ್ನು ತಡೆದ ವಿಷಯವನ್ನು ಅವನ ಆಸ್ಥಾನಕವಿ ರವಿಕೀರ್ತಿ ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ ಕ್ರಿ.ಶ. 634ರಲ್ಲಿ ಕೆತ್ತಿಸಿದ್ದಾನೆ. ಹ್ಯೂಯೆನ್ ತ್ಸಾಂಗ್ ದಖ್ಖನಿಗೆ ಬಂದದ್ದು ಸುಮಾರು 641ರಲ್ಲಿ. ಅದರ ಮರುವರ್ಷವೇ ಪಲ್ಲವ ನರಸಿಂಹವರ್ಮ ವಾತಾಪಿಯನ್ನು ಹಿಡಿದ, ಅವನ ಶಾಸನ ಇಂದಿಗೂ ಬಾದಾಮಿಯ ಬಂಡೆಯ ಮೇಲಿದೆ. ಅಂದರೆ ಆ ಯಾತ್ರಿಕ ಕಂಡು ಬರೆದದ್ದು ಪುಲಿಕೇಶಿಯ ರಾಜ್ಯದ ಕೊನೆಯ ದಿನಗಳನ್ನು. ಮುಂದೆ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದರೂ ಅದನ್ನು ಸುಡದೆ, ಅಲ್ಲಿನ ಕೈಲಾಸನಾಥ ದೇವಾಲಯದಲ್ಲಿ ಕನ್ನಡದಲ್ಲಿಯೇ ಶಾಸನ ಬರೆಸಿ ಬಂದ. ಇದರಲ್ಲಿ ಯಾವುದಕ್ಕೆ ಮಸಾಲೆ ಬೇಕು? ಬಾದಾಮಿಯ ಗೈಡ್ ಒಬ್ಬರು ಗುಹೆಯ ಮೆಟ್ಟಿಲಿನ ಮೇಲೆ ನಿಂತು ಇಷ್ಟನ್ನು ಕ್ರಮವಾಗಿ ಹೇಳಿದರೆ ಸಾಕು, ಜನ ಸಿನಿಮಾದ ಹಾಡನ್ನು ತಾವಾಗಿಯೇ ಮರೆಯುತ್ತಾರೆ. ಚಿನ್ ಚಕ್ರವರ್ತಿಯ ಸಮಾಧಿಯೂ ನಮ್ಮ ಪಟ್ಟದಕಲ್ಲೂ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಒಂದೇ ವರ್ಷ, 1987ರಲ್ಲಿ. ಅಲ್ಲಿಂದ ಮುಂದೆ ಅವರು ನೋಡಲು ಬಂದವರಿಗೆ ಹೇಳುವ ಮಾತನ್ನೂ ಕಲ್ಲಿನಷ್ಟೇ ಜೋಪಾನ ಮಾಡಿದರು, ನಾವು ಬೇಲಿ ಹಾಕಿ ಹುಲ್ಲು ಬೆಳೆಸಿದೆವು ಎಂದೇ ನನಗೆ ಅನಿಸುತ್ತದೆ.

ಇಷ್ಟು ಹೇಳಿದ ಮೇಲೆ ಆ ದಿನದ ಉಳಿದ ಸಂಗತಿಗಳನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಮಣ್ಣಿನ ಸೈನ್ಯವನ್ನು ನೋಡಿ ಹೊರಟ ವ್ಯಾನು ನೇರವಾಗಿ ಹೋಗಿ ನಿಂತದ್ದು ಅದೇ ಯೋಧರ ಪ್ರತಿಕೃತಿಗಳನ್ನು ಮಾಡಿ ಮಾರುವ ಕಾರ್ಖಾನೆಯ ಮುಂದೆ. ಬಲವಂತದ ಖರೀದಿಯನ್ನು ನಿಷೇಧಿಸುವ ಕಾನೂನು ಚೀನಾದಲ್ಲಿ 2013ರಿಂದ ಜಾರಿಯಲ್ಲಿದೆ, ನಮ್ಮನ್ನು ಕೊಳ್ಳಿರೆಂದು ಯಾರೂ ಬಲವಂತ ಮಾಡಲೂ ಇಲ್ಲ. ಆದರೂ ಅಲ್ಲಿ ಕಳೆದ ಹೊತ್ತಿನಿಂದಾಗಿ ಪಗೋಡವನ್ನು ಹತ್ತಲು ಸಮಯ ಉಳಿಯಲಿಲ್ಲ. ಹ್ಯೂಯೆನ್ ತ್ಸಾಂಗ್ ಭಾರತದಿಂದ ಹೊತ್ತು ತಂದ 657 ಗ್ರಂಥಗಳನ್ನು ಇಡಲೆಂದು 652ರಲ್ಲಿ ಕಟ್ಟಿದ ಗೋಪುರದ ಬುಡದವರೆಗೆ ಹೋಗಿ, ಒಳಗೆ ಕಾಲಿಡದೆ ಮರಳಿದ್ದು ನನಗೆ ಈಗಲೂ ಬೇಸರವೇ. ಮುಸ್ಲಿಮರ ಬೀದಿಯಲ್ಲಿ ಅಗಲವಾದ ಗೋಧಿ ನೂಡಲ್ಸಿನ ಮೇಲೆ ಬಿಸಿ ಎಣ್ಣೆ, ಖಾರ ಸುರಿದು ಕೊಡುವುದನ್ನು ನಿಂತು ಸವಿಯಲೂ ಬಿಡುವಿರಲಿಲ್ಲ. ಮತ್ತೊಂದು ಮಾತು. ಬೀಜಿಂಗ್‌ನ ಕೋಟೆಗೋಡೆಯನ್ನು ಯಾಕೆ ಕೆಡವಿದರು, ಇಲ್ಲಿಯದು ಹೇಗೆ ಉಳಿಯಿತು ಎಂದು ನಾನು ಕೇಳಿದಾಗ, ಅಷ್ಟು ಹೊತ್ತು ನಿಖರವಾಗಿ ಮಾತನಾಡಿದ ಅದೇ ಗೈಡ್ ಗಡಿಯಾರ ನೋಡಿ ಎಲ್ಲರನ್ನೂ ವ್ಯಾನಿಗೆ ಕರೆದರು. ಪರೀಕ್ಷೆಗೆ ಓದಿ ಬಂದ ಮಾತಿಗೆ ಅದರದೇ ಗಡಿಯಿರುತ್ತದೆ ಎಂಬುದನ್ನು ಒಪ್ಪಬೇಕು.

ನಮ್ಮವರೆಲ್ಲರೂ ಸುರಂಗದ ಕಥೆ ಹೇಳುವವರೆಂದು ಬರೆದರೆ ಅದೂ ಸುಳ್ಳಾಗುತ್ತದೆ. ಪ್ರವಾಸೋದ್ಯಮ ಇಲಾಖೆಯ ತರಬೇತಿ ಪಡೆದು, ಗುರುತಿನ ಚೀಟಿ ಹಾಕಿಕೊಂಡು, ವಿಷಯ ತಿಳಿದು ಮಾತನಾಡುವವರು ನಮ್ಮಲ್ಲಿಯೂ ಇದ್ದಾರೆ. ಅವರು ಸಿಗುವುದು ಮಾತ್ರ ನಮ್ಮ ಅದೃಷ್ಟಕ್ಕೆ ಬಿಟ್ಟದ್ದು, ಶಿಯಾನ್‌ನಲ್ಲಿ ಹಾಗೆ ಬಿಟ್ಟಿಲ್ಲ. ಅಪ್ಪನನ್ನು ಪಟ್ಟದಕಲ್ಲಿಗೆ ಕರೆದೊಯ್ದಾಗ ಸಿಕ್ಕ ಹಿರಿಯರೊಬ್ಬರನ್ನು ನಾನು ಮರೆತಿಲ್ಲ. ಅಪ್ಪನಿಗೆ ಮಂಡಿನೋವು, ಆ ಗೈಡ್ ಉಳಿದ ಗಿರಾಕಿಗಳನ್ನು ಬಿಟ್ಟು ಅವರ ಹೆಜ್ಜೆಗೆ ಹೆಜ್ಜೆ ಹಾಕಿದರು. ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಪೂರ್ವದ್ವಾರದಲ್ಲಿ ನಿಂತು, ಆ ಗುಡಿಯನ್ನು ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಗೆ ಅರಸ ಗೌರವದ ಪಟ್ಟ ಕಟ್ಟಿ ಬಿರುದು ಕೊಟ್ಟ ವಿಷಯವನ್ನು ಶಾಸನದಿಂದಲೇ ಅಕ್ಷರ ಅಕ್ಷರವಾಗಿ ತೋರಿಸಿ ಓದಿದರು. ಶಿಯಾನ್‌ನಲ್ಲಿ ಮಣ್ಣಿನ ಯೋಧರ ಮೈಮೇಲೆಯೂ ಕುಶಲಕರ್ಮಿಗಳ ಹೆಸರುಗಳಿವೆ. ಕೆಲಸ ಕೆಟ್ಟರೆ ಹೊಣೆ ಯಾರದೆಂದು ತಿಳಿಯಲು ಅವನ್ನು ಒತ್ತಿಸಿದ್ದರೆಂದು ಅಲ್ಲಿನ ಗೈಡ್ ಹೇಳಿದಾಗ, ನನಗೆ ಗುಂಡ ಆಚಾರಿ ನೆನಪಾಗಿದ್ದರು, ಅವರನ್ನು ಪರಿಚಯಿಸಿದ ಆ ಹಿರಿಯರೂ ನೆನಪಾಗಿದ್ದರು. ಅಂದು ಹೊರಡುವಾಗ ಗೊತ್ತು ಮಾಡಿದ್ದಕ್ಕಿಂತ ಸ್ವಲ್ಪ ಹೆಚ್ಚು ಹಣ ಕೊಡಲು ಹೋದೆ. ಅವರು ಹೆಚ್ಚಿನದನ್ನು ಹಿಂದಿರುಗಿಸಿ, "ಇದು ಬ್ಯಾಡ್ರಿ, ಮುಂದಿನ ಸಲ ಯಜಮಾನ್ರನ್ನ ಐಹೊಳಿಗೆ ಮುಂಜಾನೆ ಕರಕೊಂಡು ಬರ್ರಿ. ಮೇಗುತಿ ಶಾಸನ ಮೂಡಣ ಗ್ವಾಡಿಗೆ ಐತಿ, ಬಿಸಿಲು ಬಿದ್ದಾಗ ಅಕ್ಷರ ಚಂದ ಕಾಣ್ತಾವ" ಎಂದರು.